ನವೆಂಬರ್ ಒಂದು: ನೆರೆಯವರ ಕಣ್ಣಿನಲ್ಲಿ

(ಮಾದಾಪುರದಲ್ಲಿ ನಡೆದ ರಾಜ್ಯೋತ್ಸವ ಪೂರ್ವಭಾವಿ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ರಾಷ್ಟ್ರೀಯ ರಜಾದಿನಗಳು ಮೂರೇ: ಜನವರಿ 26, ಆಗಸ್ಟ್ 15, ಅಕ್ಟೋಬರ್ 2. ಇವುಗಳ ಅರ್ಥವನ್ನು ಕಚೇರಿಯಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ. ಆದರೆ ನನ್ನಂಥ ಕೇಂದ್ರ ಸರ್ಕಾರದ ನೌಕರ ಹೊರನಾಡಿನಲ್ಲಿದ್ದು ನವೆಂಬರ್ 1ರಂದು ರಜೆ ಬಯಸಿದರೆ ಅರ್ಜಿಯಲ್ಲಿ ಕಾರಣ ಬರೆಯಬೇಕು. ನಾನು ಪ್ರತಿವರ್ಷವೂ ಬರೆದಿದ್ದೇನೆ.

ತೆಲಂಗಾಣ ಹೋರಾಟ ಕಾವೇರಿದ್ದ 2010ರಲ್ಲಿ, ರಾಜ್ಯೋತ್ಸವದ ಮರುದಿನ, ಕಚೇರಿಗೆ ಮೈಸೂರು ಪಾಕು ಒಯ್ದಿದ್ದೆ. ನಲ್ಗೊಂಡ ಜಿಲ್ಲೆಯ ಸಹೋದ್ಯೋಗಿಯೊಬ್ಬರು ಒಂದು ತುಂಡು ಕೈಗೆತ್ತಿಕೊಂಡು, ಏನು ವಿಶೇಷವೆಂದು ಕೇಳಿದರು. ಹೇಳಿದೆ. ಅವರು ಅದನ್ನು ಮೆಲ್ಲನೆ ಮೇಜಿನ ಮೇಲಿಟ್ಟರು. "ಸಾರ್, ನಿಮ್ಮ ರಾಯಚೂರೂ ನಮ್ಮ ನಲ್ಗೊಂಡವೂ ಒಂದೇ ರಾಜ್ಯದಲ್ಲಿದ್ದವು. ಆ ದಿನ ನೀವು ನಿಮ್ಮ ಮನೆ ಸೇರಿದಿರಿ, ನಾವು ಇದ್ದ ಮನೆಯನ್ನೂ ಕಳೆದುಕೊಂಡೆವು" ಎಂದರು.

ನಿಜ ಹೇಳಬೇಕೆಂದರೆ ನನಗೆ ಅಂದು ಸಿಟ್ಟೇ ಬಂದಿತ್ತು. ಮನೆಗೆ ಬಂದ ಮೇಲೆ ಯೋಚಿಸಿದೆ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಮೂರು ಪಾಲಾಯಿತು. ಬೀದರ, ಗುಲ್ಬರ್ಗ, ರಾಯಚೂರು ಮೈಸೂರು ರಾಜ್ಯಕ್ಕೆ ಬಂದವು. ಮರಾಠವಾಡ ಮುಂಬಯಿ ರಾಜ್ಯಕ್ಕೆ ಹೋಯಿತು. ತೆಲಂಗಾಣ ಆಂಧ್ರದೊಡನೆ ಸೇರಿತು. ಅದೇ ವರ್ಷದ ಫೆಬ್ರವರಿಯಲ್ಲಿ ಎರಡೂ ಕಡೆಯ ನಾಯಕರು ಉದ್ಯೋಗ, ಆದಾಯಗಳ ಬಗ್ಗೆ ಒಪ್ಪಂದ ಮಾಡಿಕೊಂಡಿದ್ದರು. ಅದು ಪಾಲನೆಯಾಗಲಿಲ್ಲವೆಂಬ ನೋವು 1969ರ ಚಳವಳಿಯಲ್ಲಿ ಸ್ಫೋಟಗೊಂಡಿತು. 2014ರಲ್ಲಿ ಪ್ರತ್ಯೇಕ ರಾಜ್ಯ ದೊರೆತ ಜೂನ್ 2 ಇಲ್ಲಿನವರ ಹಬ್ಬವಾಯಿತು. ನವೆಂಬರ್ 1ರಂದು ಸಂಭ್ರಮಿಸಲು ಅವರಿಗೇನಿದೆ?

ಈ ನೋವು ನಮಗೆ ಅಪರಿಚಿತವೇನಲ್ಲ. ಕಾಸರಗೋಡು ಕೇರಳಕ್ಕೆ ಸೇರಿದ್ದೂ ಅದೇ ದಿನ. ಅಲ್ಲಿ ಅದು ಕೇರಳ ಪಿರವಿ. ಚಂದ್ರಗಿರಿಯ ಉತ್ತರ ಭಾಗ ಮೈಸೂರಿಗೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಹೇಳಿದರೂ ಫಲಿಸಲಿಲ್ಲ. ಕಯ್ಯಾರ ಕಿಞ್ಞಣ್ಣ ರೈಗಳು 2015ರಲ್ಲಿ ತೀರಿಕೊಳ್ಳುವವರೆಗೂ ಆ ಕೊರಗನ್ನು ಬಿಡಲಿಲ್ಲ. ಪಿರವಿಯ ಪಾಯಸವನ್ನು ಅವರ ಮುಂದಿಟ್ಟು, ಏಕೆ ಮುಟ್ಟಲಿಲ್ಲವೆಂದು ನಾವು ಕೇಳುತ್ತಿದ್ದೆವೆ?

ನಮ್ಮ ಸಂಘ ಪ್ರತಿವರ್ಷ ತೆಲುಗು ಬಾಂಧವರನ್ನು ಆಹ್ವಾನಿಸುತ್ತದೆ. ಶಾಲು ಹೊದಿಸಿ, ನಮ್ಮ ಏಕೀಕರಣದ ಕಥೆ ಕೇಳಿಸಿ ಕಳುಹಿಸುತ್ತದೆ. ಅವರ ಕಥೆಯನ್ನು ನಾವು ಕೇಳಿದ್ದಿಲ್ಲ. ಈ ವರ್ಷ ಹತ್ತು ನಿಮಿಷ ಅದಕ್ಕೂ ಮೀಸಲಿಡಬೇಕೆಂಬುದು ನನ್ನ ಸೂಚನೆ. "ನಮ್ಮ ಹಬ್ಬದಲ್ಲಿ ಅವರ ಗೋಳೇಕೆ" ಎಂದು ಹಿರಿಯ ಸದಸ್ಯರೊಬ್ಬರು ಈಗಾಗಲೇ ಆಕ್ಷೇಪಿಸಿದ್ದಾರೆ. ಅವರ ಮೇಲೆ ನನಗೆ ಗೌರವವಿದೆ, ಆದರೆ ಒಪ್ಪಲಾರೆ. ನಲ್ಗೊಂಡದ ಆ ಮಿತ್ರರು ಈಗ ನಿವೃತ್ತರು. ಕರೆದರೆ ಬರುತ್ತೇನೆಂದಿದ್ದಾರೆ. ಕಾರ್ಯಕಾರಿ ಸಮಿತಿ ಇಂದೇ ನಿರ್ಧರಿಸಲಿ.