ದೀಪ ಹತ್ತಿದ ಮಾತ್ರಕ್ಕೆ ಸೆನ್ಸರ್ ಬದಲಿಸಬೇಡಿ
(ವೃತ್ತಿ ಮಾರ್ಗದರ್ಶನ ಶಿಬಿರದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಉರ್ದು, ಕನ್ನಡ ಕಲಿಸುವ ಮೇಷ್ಟ್ರಿಗೆ ಕಾರಿನ ಎಂಜಿನ್ ವಿಷಯ ಮಾತನಾಡುವ ಅಧಿಕಾರ ಎಲ್ಲಿಂದ ಬಂತೆಂದು ನೀವು ಕೇಳಬಹುದು. ನಷ್ಟದಿಂದ ಬಂತು. ನನ್ನ ಭಾವಮೈದುನ ಸಾಲ ಮಾಡಿ ಕೊಂಡ ಟ್ಯಾಕ್ಸಿಯಲ್ಲಿ ಒಂದು ದಿನ ಎಂಜಿನ್ ಚಿತ್ರದ ಹಳದಿ ದೀಪ ಹತ್ತಿಕೊಂಡಿತು. ಗ್ಯಾರೇಜಿನವರು ಸ್ಕ್ಯಾನರ್ ಸಿಕ್ಕಿಸಿ ‘ಪಿ0171’ ಎಂಬ ಸಂಕೇತ ನೋಡಿದರು. ಆಕ್ಸಿಜನ್ ಸೆನ್ಸರ್ ಹೋಗಿದೆ ಎಂದು ಹೊಸದು ಹಾಕಿ ಬಿಲ್ ಕೊಟ್ಟರು. ಮೂರನೇ ದಿನ ಅದೇ ದೀಪ. ಆ ತಿಂಗಳ ಕಂತಿಗೆ ಅವನು ನನ್ನ ಬಳಿ ಬಂದ.

ಆಗ ಕುಳಿತು ಓದಿದೆ. ಪಿ0171 ಎಂದರೆ ಇಂಧನದ ಪ್ರಮಾಣಕ್ಕೆ ಹೋಲಿಸಿದರೆ ಗಾಳಿ ಹೆಚ್ಚಾಗಿದೆ ಎಂದಷ್ಟೇ ಅರ್ಥ. ಆ ಸುದ್ದಿ ತಂದುಕೊಟ್ಟದ್ದೇ ಆಕ್ಸಿಜನ್ ಸೆನ್ಸರ್! ಸುದ್ದಿ ತಂದವನನ್ನೇ ಕೆಲಸದಿಂದ ತೆಗೆದ ಹಾಗಾಯಿತು. ಕೊನೆಗೆ ಇನ್ನೊಬ್ಬ ಮೆಕ್ಯಾನಿಕ್ ಎಂಜಿನ್ ಓಡುತ್ತಿರುವಾಗ ಕಿವಿಗೊಟ್ಟು ‘ಸುಯ್’ ಎನ್ನುವ ಸದ್ದು ಹಿಡಿದ. ಒಂದು ಸಣ್ಣ ರಬ್ಬರ್ ಪೈಪು ಸೀಳಿ, ಅಲ್ಲಿಂದ ಗಾಳಿ ಒಳಕ್ಕೆ ಹೋಗುತ್ತಿತ್ತು.

ಮಾರ್ಕ್ಸ್ ಕಾರ್ಡಿನಲ್ಲಿ ಗಣಿತಕ್ಕೆ 20 ಬಂದಿದೆ ಎಂದುಕೊಳ್ಳಿ. ಮಗುವಿಗೆ ಕಣ್ಣು ಕಾಣುತ್ತಿಲ್ಲವೋ, ಪುಸ್ತಕವಿಲ್ಲವೋ, ಆ ದಿನ ಜ್ವರವಿತ್ತೋ ಕಾರ್ಡು ಹೇಳುವುದಿಲ್ಲ. ಸಂಕೇತವೂ ಹಾಗೆಯೇ.

ಈ ವ್ಯವಸ್ಥೆಯ ಹೆಸರು ಓಬಿಡಿ-2. ಅಮೆರಿಕದಲ್ಲಿ 1996ರ ಮಾದರಿಯ ಕಾರುಗಳಿಂದ ಕಡ್ಡಾಯವಾಯಿತು. ನಮ್ಮ ದೇಶದ ಕಾರುಗಳಿಗೆ 2013ರಿಂದ. ಮೊದಲ ಅಕ್ಷರ ‘ಪಿ’ ಆದರೆ ಎಂಜಿನ್, ಗೇರ್‌ಬಾಕ್ಸ್, ‘ಬಿ’ ಬಾಡಿ, ‘ಸಿ’ ಬ್ರೇಕ್, ಸ್ಟೀರಿಂಗ್ ಭಾಗ, ‘ಯು’ ಕಂಪ್ಯೂಟರುಗಳ ನಡುವಿನ ಸಂಪರ್ಕ. ಮುಂದಿನ ಅಂಕಿ 0 ಇದ್ದರೆ ಎಲ್ಲ ಕಂಪನಿಗಳಿಗೂ ಒಂದೇ ಅರ್ಥ, 1 ಇದ್ದರೆ ಆಯಾ ಕಂಪನಿಯ ಸ್ವಂತ ಅರ್ಥ. ಉರ್ದು ಓದಿದವರಿಗೆ ಗೊತ್ತು, ಒಂದು ನುಕ್ತೆ ಹೆಚ್ಚಾದರೆ ‘ದುಆ’ ಹೋಗಿ ‘ದಗಾ’ ಆಗುತ್ತದೆ. ಇಲ್ಲಿಯೂ ಪಿ0303 ಎಂದರೆ ಮೂರನೇ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ. ಪಿ0330 ಎಂದರೆ ನಾಕ್ ಸೆನ್ಸರಿನ ಸರ್ಕ್ಯೂಟ್. ಆದ್ದರಿಂದ ಕಾಗದದಲ್ಲಿ ಬರೆದುಕೊಳ್ಳಿ.

ಹಣವಿಲ್ಲದೆ ಮಾಡಬಹುದಾದ ಒಂದು ಪರೀಕ್ಷೆ ಹೇಳುತ್ತೇನೆ. ಪಿ0301 ಬಂದಿದೆ, ಪ್ರತಿ ಸಿಲಿಂಡರಿಗೂ ಬೇರೆ ಇಗ್ನಿಷನ್ ಕಾಯಿಲ್ ಇರುವ ಕಾರು. ಎಂಜಿನ್ ಆರಿಸಿ, ತಣ್ಣಗಾದ ಮೇಲೆ ಒಂದನೇ ಕಾಯಿಲನ್ನು ಮೂರಕ್ಕೂ ಮೂರರದ್ದನ್ನು ಒಂದಕ್ಕೂ ಹಾಕಿ. ಸಂಕೇತ ಅಳಿಸಿ ಓಡಿಸಿ. ಈಗ ಪಿ0303 ಬಂದರೆ ದೋಷ ಕಾಯಿಲಿನದ್ದು, ಅದು ತನ್ನ ಜೊತೆ ರೋಗವನ್ನೂ ಕೊಂಡೊಯ್ದಿದೆ. ಮತ್ತೆ ಪಿ0301 ಬಂದರೆ ಕಾಯಿಲ್ ನಿರಪರಾಧಿ. ಸ್ಪಾರ್ಕ್ ಪ್ಲಗ್ ನೋಡಿ, ಆಮೇಲೆ ವೈರು, ಇಂಜೆಕ್ಟರ್, ಕಂಪ್ರೆಷನ್. ಇದನ್ನು ಮಾಡುವ ಮೊದಲೇ ಹೊಸ ಕಾಯಿಲ್ ತರಿಸುವವನನ್ನು ನಾನು ಮೆಕ್ಯಾನಿಕ್ ಎನ್ನುವುದಿಲ್ಲ, ಅಂಗಡಿಯವನು ಎನ್ನುತ್ತೇನೆ.

ದೀಪ ಸುಮ್ಮನೆ ಉರಿಯುತ್ತಿದ್ದರೆ ನಿಧಾನವಾಗಿ ಗ್ಯಾರೇಜಿಗೆ ಹೋಗಬಹುದು. ಮಿಟುಕುತ್ತಿದ್ದರೆ ಎಂಜಿನ್ ಮೇಲೆ ಭಾರ ಹಾಕಬೇಡಿ, ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ. ಉರಿಯದ ಪೆಟ್ರೋಲು ಸೈಲೆನ್ಸರ್ ಸಾಲಿನ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನು ಸುಟ್ಟುಹಾಕುತ್ತದೆ. ಅದು ಬಹಳ ದುಬಾರಿ.

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರಿಗೆ ಒಂದು ಮಾತು. ಮಾರುವವನು ಬೆಳಿಗ್ಗೆಯೇ ಸಂಕೇತ ಅಳಿಸಿರಬಹುದು. ಅಳಿಸಿದಾಗ ಕಂಪ್ಯೂಟರಿನ ಸ್ವಯಂ ಪರೀಕ್ಷೆಗಳೂ ಹೊಸದಾಗಿ ಶುರುವಾಗುತ್ತವೆ. ಅವು ಮುಗಿದಿವೆಯೇ ಎಂದು ಸ್ಕ್ಯಾನರಿನಲ್ಲಿ ನೋಡಿ. ಹಲವು ಪರೀಕ್ಷೆಗಳು ಇನ್ನೂ ಬಾಕಿ ಎಂದು ತೋರಿಸಿದರೆ ಮುಂಗಡ ಕೊಡದೆ ಕಾರಣ ಕೇಳಿ.

ನನ್ನ ಭಾವಮೈದುನನ ಟ್ಯಾಕ್ಸಿ ಹೊರಗೇ ನಿಂತಿದೆ. ಊಟದ ಬಿಡುವಿನಲ್ಲಿ ಬನ್ನಿ, ಸ್ಟೀರಿಂಗ್ ಕೆಳಗಿನ 16 ಪಿನ್ನಿನ ಆ ಸಾಕೆಟ್ ತೋರಿಸುತ್ತೇನೆ. ಸೀಳಿದ ಪೈಪನ್ನೂ ಅವನು ಎಸೆದಿಲ್ಲ, ಡಿಕ್ಕಿಯಲ್ಲೇ ಇದೆ.