ಬೆನ್ನ ನೀರು ಹೇಳುವ ಸಾಕ್ಷಿ
(ಉಗರಗೋಳದಲ್ಲಿ ನೀಡಿದ ದತ್ತಿ ಉಪನ್ಯಾಸ)



ಎಲ್ಲಮ್ಮನ ಗುಡ್ಡದ ಬುಡದಲ್ಲಿರುವ ನಿಮ್ಮೂರಿಗೆ ಬೇನೆಯವರು ಹೊಸಬರಲ್ಲ. ಹರಕೆ ಹೊತ್ತು ಬರುವವರ ನಡುವೆ ಒಬ್ಬರನ್ನು ತೋರಿಸಿ ಮನೆಯವರು, 'ಇವ್ರು ಮೊದಲಿನ್ಹಂಗ ಇಲ್ರಿ' ಎನ್ನುತ್ತಾರೆ. ಸಂತೆಯ ಲೆಕ್ಕ ತಪ್ಪುತ್ತದೆ, ಮಾತು ಕಡಿಮೆಯಾಗುತ್ತದೆ, ಒಂದು ಕಾಲು ಎಳೆಯುತ್ತದೆ. ಲಕ್ವ, ಟಿ.ಬಿ., ಲಾಡಿಹುಳುವಿನ ಗಂಟು ಇವೆಲ್ಲ ಇದಕ್ಕೆ ಕಾರಣವಾಗಬಹುದು. ಅಪರೂಪಕ್ಕೆ ಇನ್ನೊಂದು ಇರುತ್ತದೆ: ಲಿಂಫೋಸೈಟ್ ಎಂಬ ಬಿಳಿ ರಕ್ತಕಣದ ಕ್ಯಾನ್ಸರು, ಲಿಂಫೋಮ. ಅದು ಮೆದುಳು, ಬೆನ್ನುಹುರಿಯಲ್ಲೇ ಮನೆ ಮಾಡಿದಾಗ ಕೈಯ ರಕ್ತ ಪರೀಕ್ಷಿಸಿದರೆ ಬಹಳ ಸಲ ಏನೂ ಕಾಣುವುದಿಲ್ಲ.

ಎಂ.ಆರ್.ಐ. ಗಂಟನ್ನು ತೋರಿಸುತ್ತದೆ, ಅದರ ಜಾತಿಯನ್ನು ಖಚಿತವಾಗಿ ಹೇಳುವುದಿಲ್ಲ. ಟಿ.ಬಿ. ಗಂಟೂ ಹಾಗೇ ಹೊಳೆಯಬಹುದು. ಜಾತಿ ತಿಳಿಯಲು ಜೀವಕಣವೇ ಕೈಗೆ ಸಿಗಬೇಕು.

ಅದಕ್ಕೊಂದು ದಾರಿ ಬೆನ್ನ ನೀರು, ಅಂದರೆ ಮೆದುಳು, ಬೆನ್ನುಹುರಿಯ ಸುತ್ತ ಇರುವ ನೀರು. 'ಬೆನ್ನಾಗ ಸೂಜಿ ಹಾಕಿದ್ರ ಕಾಲು ಹೋಗ್ತಾವಂತಲ್ರಿ?' ಎಂದು ಕೇಳದ ಮನೆಯೇ ಇಲ್ಲ. ದೊಡ್ಡವರಲ್ಲಿ ಬೆನ್ನುಹುರಿ ಸೊಂಟದ ಮೊದಲೆರಡು ಮಣಿಗಳ ಹತ್ತಿರವೇ ಮುಗಿಯುತ್ತದೆ. ಸೂಜಿ ಹೋಗುವುದು ಅದಕ್ಕಿಂತ ಕೆಳಗೆ, ಮೂರು-ನಾಲ್ಕನೆಯ ಅಥವಾ ನಾಲ್ಕು-ಐದನೆಯ ಮಣಿಗಳ ಸಂದಿಯಲ್ಲಿ. ರೋಗಿ ಮೊಣಕಾಲನ್ನು ಹೊಟ್ಟೆಗೆ ಎಳೆದುಕೊಂಡು ಮಗ್ಗುಲಾಗಿ ಮಲಗುತ್ತಾನೆ. ಸೂಜಿಯೊಳಗಿನ ತಂತಿ ಹಿಂದೆಗೆದಾಗ ತಿಳಿನೀರು ತೊಟ್ಟುತೊಟ್ಟಾಗಿ ಸೀಸೆಗೆ ಬೀಳುತ್ತದೆ. ಜರ್ಮನಿಯ ಕ್ವಿಂಕೆ 1891ರಲ್ಲಿ ತೋರಿಸಿದ ವಿಧಾನವಿದು. ನಮ್ಮೊಳಗೆ ಈ ನೀರು ಇರುವುದು ಸುಮಾರು 150 ಮಿ.ಲೀ.; ದಿನಕ್ಕೆ ಸುಮಾರು 500 ಮಿ.ಲೀ. ಹೊಸದಾಗಿ ಊರುತ್ತದೆ. ಹಾಗಾಗಿ ತೆಗೆದ ಕೆಲವು ಚಮಚ ಬೇಗನೆ ತುಂಬಿಕೊಳ್ಳುತ್ತದೆ.

ಆದರೆ ಅದರಲ್ಲಿಯ ಕಣಗಳು ಹೊರಗೆ ಹೆಚ್ಚು ಹೊತ್ತು ಉಳಿಯವು. ಸೀಸೆ ಹಿಡಿದು ಬಸ್ಸು ಹತ್ತುವಂತಿಲ್ಲ. ಪರೀಕ್ಷಾಲಯ ಇದ್ದಲ್ಲಿಗೆ ರೋಗಿಯೇ ಹೋಗಬೇಕು, ಹುಬ್ಬಳ್ಳಿಗೋ ಬೆಳಗಾವಿಗೋ, ಇಲ್ಲವೇ ಬೆಂಗಳೂರಿನ ನಿಮ್ಹಾನ್ಸ್, ಕಿದ್ವಾಯಿ ಆಸ್ಪತ್ರೆಗೋ. ನೀರಿನಲ್ಲಿ ಕಣ ಸಿಗದಿದ್ದರೆ ಗಂಟಿನದೇ ಚೂರು ತೆಗೆಯಬೇಕಾಗುತ್ತದೆ.

ನೀರಿನಲ್ಲಿ ಕಣವಷ್ಟೇ ಅಲ್ಲ, ಜೀನಿನ ಗುರುತೂ ಸಿಗಬಹುದು. 1936ರಲ್ಲಿ ಬಿಂಗ್, ನೀಲ್ ಎಂಬ ವೈದ್ಯರು ಮೆದುಳಿಗೆ ತಗಲುವ ಇಂಥದೇ ಒಂದು ಲಿಂಫೋಮ ರೋಗವನ್ನು ವರ್ಣಿಸಿದರು. ಅದರ ಮೂಲವಾದ ರಕ್ತದ ಕಾಯಿಲೆಯನ್ನು ವಾಲ್ಡೆನ್‌ಸ್ಟ್ರೋಮ್ ಗುರುತಿಸಿದ್ದು 1944ರಲ್ಲಿ. ಆ ಕಾಯಿಲೆಯ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಜನರಲ್ಲಿ ಎಂವೈಡಿ88 ಜೀನು ಬದಲಾಗಿರುತ್ತದೆ ಎಂದು ತಿಳಿದದ್ದು 2012ರಲ್ಲಿ. ಇಂದು ಆ ಬದಲಾವಣೆಯನ್ನು ಬೆನ್ನ ನೀರಿನಲ್ಲೇ ಹುಡುಕಬಹುದು.

ಇಷ್ಟೆಲ್ಲ ಇದ್ದೂ ಸಾಕ್ಷಿ ಅಳಿಸಿಹೋಗುವುದುಂಟು. ಮೆದುಳಿನ ಬಾವು ಇಳಿಸಲು ಕೊಡುವ ಡೆಕ್ಸಾಮೆಥಾಸೋನ್‌ನಂಥ ಸ್ಟಿರಾಯ್ಡ್ ಲಿಂಫೋಮದ ಕಣಗಳನ್ನೂ ಕೊಲ್ಲುತ್ತದೆ. ರೋಗಿ ಎದ್ದು ಕೂತು ರೊಟ್ಟಿ ಉಣ್ಣುತ್ತಾನೆ, ಮನೆಯವರು 'ಗುಣಾತು' ಎನ್ನುತ್ತಾರೆ. ಆಗ ಚೂರು ತೆಗೆದರೆ ಏನೂ ಸಿಗದೆ ಹೋಗಬಹುದು. ಬೇನೆ ಮಾತ್ರ ಮರಳಿ ಬರುತ್ತದೆ. ಟಿ.ಬಿ. ಮೆದುಳುಜ್ವರಕ್ಕೂ ಸ್ಟಿರಾಯ್ಡ್ ಕೊಡುವುದರಿಂದ ಗೊಂದಲ ಇಮ್ಮಡಿಯಾಗುತ್ತದೆ. ಜೀವಕ್ಕೇ ಕುತ್ತಿದ್ದರೆ ವೈದ್ಯರು ಅದನ್ನು ಕೊಡಲೇಬೇಕು, ನೀವಾಗಿ ನಿಲ್ಲಿಸಬೇಡಿ. ತುರ್ತಿಲ್ಲದಾಗ ಮಾತ್ರ ಸಾಕ್ಷಿ ಮೊದಲು, ಸ್ಟಿರಾಯ್ಡ್ ಆಮೇಲೆ.

ಹರಕೆ ತೀರಿಸಿ, ಎಲ್ಲಮ್ಮನ ಪಡ್ಡಲಗಿ ತುಂಬಿಸಿ, ನಾನು ಬೇಡವೆನ್ನುವುದಿಲ್ಲ. ದವಾಖಾನೆಗೆ ಹೊರಟಾಗ ಹಳೆಯ ಚೀಟಿ, ಫಿಲ್ಮು, ನುಂಗಿದ ಗುಳಿಗೆಯ ಖಾಲಿ ಹಾಳೆ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಯಾವ ಗುಳಿಗೆ, ಯಾವ ದಿನದಿಂದ ಎಂಬುದನ್ನು ವೈದ್ಯರು ಕೇಳುವ ಮೊದಲೇ ಹೇಳಿ.