ದೊಡ್ಡ ಕರುಳಿನ ದುಡಿಮೆ

ವಾಮಂಜೂರಿನವರಿಗೆ ಪಕ್ಕದ ಪಚ್ಚನಾಡಿಯ ಕಸದ ರಾಶಿಯನ್ನು ಪರಿಚಯಿಸಬೇಕಿಲ್ಲ. 2019ರ ಆಗಸ್ಟ್ ಮಳೆಗೆ ಅದು ಜರಿದು, ತಗ್ಗಿನ ಮಂದಾರದ ಮನೆ ತೋಟಗಳ ಮೇಲೆ ಹರಿದದ್ದು ಊರಿಗೇ ಗೊತ್ತು. ನಮ್ಮ ದೊಡ್ಡ ಕರುಳನ್ನೂ ಅನೇಕರು ಇಂಥದೇ ಒಂದು ಕಸದ ಗುಡ್ಡೆಯೆಂದು ಭಾವಿಸಿದ್ದಾರೆ. ಹಾಗಲ್ಲ. ಅದು ಬಿಸಾಡುವ ಜಾಗಕ್ಕಿಂತ ಹೆಚ್ಚಾಗಿ ಹೆಕ್ಕಿ ಉಳಿಸುವ ಜಾಗ. (ಊಟದ ಹೊತ್ತಿನಲ್ಲಿ ಈ ವಿಷಯ ಬೇಡ ಎನ್ನುವ ವೀಕ್ಷಕರಿದ್ದಾರೆ. ಓದುವವರು ಪುಸ್ತಕವನ್ನು ಊಟದ ನಂತರ ತೆರೆಯಬಹುದು!)

ದೊಡ್ಡ ಕರುಳಿನ ಉದ್ದ ಸುಮಾರು 5 ಅಡಿ ಮಾತ್ರ. ದೊಡ್ಡದೆಂಬ ಹೆಸರು ಬಂದದ್ದು ಅಗಲದಿಂದ. ಕಿಬ್ಬೊಟ್ಟೆಯ ಬಲಬದಿಯಲ್ಲಿ, ಅಪೆಂಡಿಕ್ಸ್ ಅಂಟಿಕೊಂಡ ಚೀಲದಂತಹ ಭಾಗದಿಂದ ಹೊರಟು, ಮೇಲೇರಿ, ಅಡ್ಡ ಹಾದು, ಎಡಗಡೆ ಇಳಿದು ಗುದನಾಳ ಸೇರುತ್ತದೆ.

ಸಣ್ಣ ಕರುಳು ತನ್ನ ಪಾಲಿನ ಸಾರವನ್ನೆಲ್ಲ ಹೀರಿದ ಮೇಲೆ, ತೆಳು ಗಂಜಿಯಂತಹ ಪದಾರ್ಥ ದಿನಕ್ಕೆ ಒಂದು, ಒಂದೂವರೆ ಲೀಟರಿನಷ್ಟು ಇಲ್ಲಿಗೆ ಬರುತ್ತದೆ. ಮಲದೊಡನೆ ಹೊರಹೋಗುವ ನೀರು 100ರಿಂದ 200 ಮಿಲಿಲೀಟರ್ ಅಷ್ಟೇ. ಉಳಿದದ್ದು ರಕ್ತಕ್ಕೆ ಮರಳುತ್ತದೆ. ಹೇಗೆ? ಉಪ್ಪು ಬೆರೆಸಿದ ಮಾವಿನ ಮಿಡಿ ಭರಣಿಯಲ್ಲಿ ನೀರು ಬಿಡುವುದನ್ನು ನೀವು ನೋಡಿದ್ದೀರಿ. ಉಪ್ಪು ಹೆಚ್ಚಿರುವ ಕಡೆಗೆ ನೀರು ಹರಿಯುತ್ತದೆ. ಕರುಳಿನ ಗೋಡೆಯ ಜೀವಕೋಶಗಳು ಸೋಡಿಯಂ ಲವಣವನ್ನು ಒಳಗೆಳೆದುಕೊಳ್ಳುತ್ತವೆ, ನೀರು ಅದರ ಬೆನ್ನು ಹತ್ತುತ್ತದೆ.

ಇನ್ನೊಂದು ದುಡಿಮೆ ಬ್ಯಾಕ್ಟೀರಿಯಾಗಳದು. ಕೋಟಿ ಕೋಟಿ ಸಂಖ್ಯೆಯಲ್ಲಿ ಅಲ್ಲಿ ಬಿಡಾರ ಹೂಡಿರುವ ಇವು, ನಮಗೆ ಜೀರ್ಣವಾಗದ ನಾರನ್ನು ಹುದುಗಿಸುತ್ತವೆ. ಬಸಳೆಯ ನಾರು, ತಣಿದ ಕುಚ್ಚಲಕ್ಕಿ ಗಂಜಿಯ ಒಂದಿಷ್ಟು ಪಿಷ್ಟ, ಎಲ್ಲವೂ ಅವುಗಳ ಪಾಲು. ಆಟಿ ತಿಂಗಳಲ್ಲಿ ಹಲಸಿನ ಬೀಜ ತಿಂದು ಹೊಟ್ಟೆ ಗುಡುಗಿದರೆ ಅದು ಈ ಹುದುಗುವಿಕೆಯ ಗಾಳಿ. ಆಗ ಹುಟ್ಟುವ ಬ್ಯುಟಿರಿಕ್ ಆಮ್ಲವೇ ಕರುಳಿನ ಒಳಪದರದ ಮುಖ್ಯ ಆಹಾರ. ನಾರನ್ನು ಸಾರವಿಲ್ಲದ ಹೊಟ್ಟೆಂದು ಕಡೆಗಣಿಸುವವರು ಈ ಲೆಕ್ಕ ಮರೆಯುತ್ತಾರೆ.

ಈ ಕರುಳಿನ ಚಲನೆ ನಿಧಾನ. ದಿನಕ್ಕೆ ಕೆಲವೇ ಬಾರಿ, ಹೆಚ್ಚಾಗಿ ಬೆಳಗಿನ ಆಹಾರದ ನಂತರ, ದೊಡ್ಡ ಅಲೆಯೊಂದು ಎದ್ದು ಎಲ್ಲವನ್ನೂ ಗುದನಾಳಕ್ಕೆ ದೂಡುತ್ತದೆ. ಆ ಕರೆಗೆ ಓಗೊಡದೆ ತಡೆದರೆ ಒತ್ತಡ ತಾತ್ಕಾಲಿಕವಾಗಿ ಅಡಗುತ್ತದೆ, ನೀರು ಹೀರುವ ಕೆಲಸ ಮಾತ್ರ ನಿಲ್ಲುವುದಿಲ್ಲ. ಮಲ ಗಟ್ಟಿಯಾಗುತ್ತದೆ, ಮರುದಿನ ನೋಯುತ್ತದೆ, ನೋವಿಗಂಜಿದ ಮಗು ಮತ್ತೆ ತಡೆಯುತ್ತದೆ. ಶಾಲೆಯ ಶೌಚಾಲಯಕ್ಕೆ ಚಿಲಕವಿಲ್ಲದೆ ಸಂಜೆಯವರೆಗೆ ತಡೆದುಕೊಳ್ಳುವ ಹುಡುಗಿಗೆ ಭೇದಿಯ ಔಷಧಿ ಕುಡಿಸುವ ಮೊದಲು ಚಿಲಕ ಹಾಕಿಸುವುದು ಮೇಲು ಎಂಬುದು ನನ್ನ ಅಭಿಪ್ರಾಯ.

ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿಯೆಂದು ನೀವೇ ತೀರ್ಮಾನಿಸಬೇಡಿ. ಅನೇಕ ವೇಳೆ ಅದು ಮೂಲವ್ಯಾಧಿಯೇ ಇರಬಹುದು. ಆದರೆ ದೊಡ್ಡ ಕರುಳಿನ ಕ್ಯಾನ್ಸರ್ ಕೂಡ ಹೀಗೆಯೇ ತಲೆಹಾಕಬಲ್ಲುದು. ಸಾಮಾನ್ಯವಾಗಿ ಅದು ಒಳಗೋಡೆಯ ಸಣ್ಣ ಗಂಟಾಗಿ ಹುಟ್ಟಿ ವರ್ಷಗಟ್ಟಲೆ ಬೆಳೆಯುತ್ತದೆ. ಗಂಟಿನ ಹಂತದಲ್ಲಿ ಸಿಕ್ಕರೆ, ಕೊಲೊನೊಸ್ಕೋಪಿಯ ನಳಿಕೆ ತೂರಿಸಿ ನೋಡುವಾಗಲೇ ಬಹುಮಟ್ಟಿಗೆ ಕತ್ತರಿಸಿ ತೆಗೆಯಬಹುದು. ರಕ್ತ, ವಾರಗಟ್ಟಲೆ ಬದಲಾಗಿಯೇ ಉಳಿದ ಮಲವಿಸರ್ಜನೆಯ ರೂಢಿ, ಕಾರಣವಿಲ್ಲದೆ ಇಳಿದ ತೂಕ, ಇವನ್ನು ಸಂಕೋಚಪಡದೆ ವೈದ್ಯರಿಗೆ ಹೇಳಿ.